‘ನೋ’ ಅಂದ್ರೆ ಬೇಡ ಅಂತಲ್ಲ!

ನಮ್ಮ ಅಮ್ಮನಿಗೆ ಹೊಸ ಭಾಷೆ ಅಂದ್ರೆ ಯಾವತ್ತೂ ಭಯ ಇರಲಿಲ್ಲ. ಮದುವೆಯಾಗಿ ತಿಪಟೂರಿನಿಂದ ಹಲಸೂರಿಗೆ ಬಂದಾಗ ಅವಳಿಗೆ ಬರುತ್ತಿದ್ದದ್ದು ಕನ್ನಡ ಒಂದೇ. ಪಕ್ಕದ ಮನೆಯವರದು ತಮಿಳು, ಎದುರು ಮನೆಯವರದು ತೆಲುಗು, ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೋದರೆ ದಖನಿ ಉರ್ದು. ಆರೇ ತಿಂಗಳಲ್ಲಿ ‘ನಕ್ಕೋ ಭಾಯ್’ ಅಂತ ಎರಡು ಹೆಜ್ಜೆ ಮುಂದೆ ನಡೆದು, ವ್ಯಾಪಾರಿ ಬೆಲೆ ಇಳಿಸಿ ಕರೆದಾಗ ‘ಹೌ’ ಅಂತ ತಿರುಗಿ ಬರೋದನ್ನು ಕಲಿತಿದ್ದಳಂತೆ. ವ್ಯಾಕರಣ ಯಾರೂ ಹೇಳಿಕೊಡಲಿಲ್ಲ. ಚಿಕ್ಕ ಚಿಕ್ಕ ಮಾತು ಹಿಡಿದುಕೊಂಡೇ ಇಡೀ ದಂಡು ಪ್ರದೇಶದಲ್ಲಿ ಸಂಸಾರ ಮಾಡಿದವಳು.

ಇಂಥ ಅಮ್ಮ ಸೋತದ್ದು ನಾಲ್ಕೂವರೆ ವರ್ಷದ ಮೊಮ್ಮಗಳ ಎದುರು.

ನನ್ನ ಅಕ್ಕ ಇರೋದು ಡೆನ್ಮಾರ್ಕಿನ ಆರ್ಹುಸ್‌ನಲ್ಲಿ. ಪುಟ್ಟಿ ಅಲ್ಲೇ ಹುಟ್ಟಿದವಳು. ಮೂರು ವರ್ಷಕ್ಕೆ ಅಲ್ಲಿನ ಶಿಶುವಿಹಾರಕ್ಕೆ ಸೇರಿದ ಮೇಲೆ ಇಡೀ ದಿನ ಡೇನಿಷ್ ಮಕ್ಕಳ ಜೊತೆ. ಕನ್ನಡ ಅರ್ಥ ಆಗುತ್ತೆ, ಉತ್ತರ ಬರೋದು ಮಾತ್ರ ಡೇನಿಷ್‌ನಲ್ಲಿ. ಪ್ರತಿ ಭಾನುವಾರ ಮಧ್ಯಾಹ್ನ ಇಲ್ಲಿ ಎರಡೂವರೆ ಆದಾಗ, ಚಳಿಗಾಲದಲ್ಲಿ ಅಲ್ಲಿ ಬೆಳಗ್ಗೆ ಹತ್ತು. ಆಗ ವಿಡಿಯೋ ಕಾಲ್. ಅಕ್ಕ ಫೋನ್ ಮಗಳ ಕೈಗೆ ಕೊಟ್ಟು ಅಡುಗೆಮನೆಗೆ ಹೋಗುತ್ತಿದ್ದಳು.

ಈ ವರ್ಷದ ಶುರುವಿನಲ್ಲಿ ಅಮ್ಮ ಕಾಲ್ ತಪ್ಪಿಸತೊಡಗಿದಳು. ಒಂದು ವಾರ ತಲೆನೋವು, ಇನ್ನೊಂದು ವಾರ ನೆಟ್‌ವರ್ಕ್ ಇಲ್ಲ. ಮೂರನೇ ವಾರ ಕೂರಿಸಿ ಕೇಳಿದೆ. ‘ಅವಳಿಗೆ ನಾನು ಬೇಡ ಕಣೋ. ಉಂಡೆ ಕಳಿಸ್ತೀನಿ ಅಂದ್ರೆ ನೋ. ಮಲ್ಲಿಗೆ ಗಿಡ ಮೊಗ್ಗು ಬಿಟ್ಟಿದೆ ಅಂದ್ರೆ ನೋ. ಹಾಲು ಕುಡಿದಿಲ್ವಾ ಅಂದ್ರೆ ಯೋ ಅಂತಾಳೆ, ಆಟೋದವರನ್ನ ಕರೆದ ಹಾಗೆ. ನಿಮ್ಮಕ್ಕನಿಗೆ ಹೇಳಬೇಡ, ನೊಂದ್ಕೋತಾಳೆ’ ಅಂದಳು.

ನಾನು ಹೇಳಲಿಲ್ಲ. ಡೇನಿಷ್ ಕಲಿಯಲು ಕೂತೆ. ಮೊದಲು ಒಂದು ಆ್ಯಪ್ ಹಾಕಿಕೊಂಡೆ. ‘ಹುಡುಗ ಸೇಬು ತಿನ್ನುತ್ತಾನೆ’ ಅಂತ ಎರಡು ವಾರ ತಿನ್ನಿಸಿತು. ನಮ್ಮ ಪುಟ್ಟಿ ಹೀಗೆ ಮಾತಾಡೋದನ್ನು ನಾನು ಕೇಳಿಯೇ ಇರಲಿಲ್ಲ! ಪುಸ್ತಕದಲ್ಲಿ ‘ಮಾಡುತ್ತೇನೆ’ ಓದಿಕೊಂಡು ಬಂದವರಿಗೆ ಇಲ್ಲಿ ‘ಮಾಡ್ತೀನಿ’ ಕೇಳಿದರೆ ಹೇಗೆ ಗಲಿಬಿಲಿಯೋ ಹಾಗೆ. ಡೇನಿಷರಂತೂ ಬರೆದ ಅಕ್ಷರದಲ್ಲಿ ಅರ್ಧ ನುಂಗಿಯೇ ಮಾತಾಡೋದು. ಅದಕ್ಕೇ ಮನೆಮಾತಿನ ಆಡಿಯೋ ಪಾಠ ಹುಡುಕಿ, ಹಲಸೂರಿನಿಂದ ಕೆ.ಆರ್. ಪುರದ ಆಫೀಸಿಗೆ ಹೋಗುವಾಗ ಮೆಟ್ರೋದಲ್ಲಿ ಕೇಳಲು ಶುರು ಮಾಡಿದೆ.

ಒಂದು ಬೆಳಗ್ಗೆ ಬೆನ್ನಿಗಾನಹಳ್ಳಿ ಸ್ಟೇಷನ್ ಹತ್ತಿರ ಬರುವಾಗ ಕಿವಿಯಲ್ಲಿ ಆ ಪದ ಬಿತ್ತು. ‘ನೋ’. ಅದು ಇಂಗ್ಲಿಷಿನ ನೋ ಅಲ್ಲವೇ ಅಲ್ಲ. ಡೇನಿಷ್‌ನಲ್ಲಿ ‘ನೋ’ ಅಂದ್ರೆ ‘ಹೌದಾ!’, ‘ಓಹೋ, ಹಾಗಾ!’ ಅಂತ. ಎದುರಿನವರ ಮಾತು ಕೇಳಿಸಿಕೊಂಡೆ ಅನ್ನೋದಕ್ಕೆ ಕೊಡೋ ಹೂಂಗುಟ್ಟು. ಉಂಡೆ ಕಳಿಸ್ತೀನಿ ಅಂದಾಗ ಮಗು ಹೇಳಿದ್ದು ‘ಹೌದಾ ಅಜ್ಜಿ!’. ‘ಯೋ’ ಕೂಡ ಅಷ್ಟೆ. ಇಲ್ವಾ ಅಂತ ಕೇಳಿದಾಗ ‘ಇಲ್ಲ ಇಲ್ಲ, ಆಗಿದೆ’ ಅನ್ನೋಕೆ ಅವರಲ್ಲಿ ಬೇರೆಯದೇ ಒಂದು ಹೌದು ಇದೆ, ಅದೇ ‘ಯೋ’. ಹಾಲು ಕುಡಿದಿಲ್ವಾ? ಕುಡಿದಾಯ್ತು ಅಜ್ಜಿ! ಅಷ್ಟೇ.

ಕೆ.ಆರ್. ಪುರದಲ್ಲಿ ಇಳಿದು ಪ್ಲಾಟ್‌ಫಾರ್ಮ್ ಮೇಲೇ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಮತ್ತೆ ಬೇಡ ಅನ್ನೋಕೆ ಏನಂತಾರೆ?’ ‘ನಾಯ್ ಅಂತಾರಮ್ಮ.’ ‘ಥೂ, ನಾಯಿ ಅಂತಾರಾ!’ ಅಂತ ಜೋರಾಗಿ ನಕ್ಕಳು. ಆ ನಗು ಕೇಳಿ ಎಷ್ಟೋ ದಿನ ಆಗಿತ್ತು. ಆ ಸಂಜೆ ಅಕ್ಕನಿಗೂ ವಿಷಯ ಹೇಳಿದೆ. ಮೊದಲು ನಕ್ಕಳು, ಆಮೇಲೆ ಸುಮ್ಮನಾದಳು. ‘ನಾನು ಪಕ್ಕದಲ್ಲೇ ಕೂತಿರಬೇಕಿತ್ತು’ ಅಂದಳು.

ಅವತ್ತಿನಿಂದ ನಮ್ಮ ಫ್ರಿಜ್ ಮೇಲೆ ಒಂದು ಚೀಟಿ ಇದೆ. ನಿಮ್ಮ ಮನೆಯವರೂ ಆ ಕಡೆ ಇದ್ದರೆ ಉಪಯೋಗಕ್ಕೆ ಬಂದೀತು ಅಂತ ಇಲ್ಲಿ ಹೇಳ್ತೀನಿ.

‘ಹಾಯ್’ ಅಂದ್ರೆ ಬಂದಾಗಿನ ನಮಸ್ಕಾರ. ಎರಡು ಸಲ ‘ಹಾಯ್ ಹಾಯ್’ ಅಂದ್ರೆ ಹೊರಟೆ ಅಂತ! ಮಗು ಎರಡು ಸಲ ಅಂದಾಗ ಅಮ್ಮ ಖುಷಿಯಿಂದ ಮಾತು ಶುರು ಮಾಡುತ್ತಿದ್ದಳು, ಅಲ್ಲಿ ಫೋನ್ ಕಟ್.

‘ಟಕ್’ ಅಂದ್ರೆ ಥ್ಯಾಂಕ್ಸ್. ‘ಪ್ಲೀಸ್’ ಅನ್ನೋಕೆ ದಿನದ ಮಾತಿನಲ್ಲಿ ಅವರಿಗೆ ಬೇರೆ ಪದ ಬೇಕಾಗೋದಿಲ್ಲ. ಕೇಳುವಾಗಲೇ ಕೊನೆಗೊಂದು ಟಕ್ ಸೇರಿಸಿದರೆ ಸಾಕು. ನಾವೂ ಮನೆಯಲ್ಲಿ ‘ದಯವಿಟ್ಟು’ ಅನ್ನಲ್ಲವಲ್ಲ, ‘ಸ್ವಲ್ಪ ನೀರು ಕೊಡಮ್ಮ’ ಅನ್ನೋದರಲ್ಲಿ ಆ ‘ಸ್ವಲ್ಪ’ವೇ ದಯವಿಟ್ಟು. ಊಟ ಮುಗಿದ ಮೇಲೆ ಅಡುಗೆ ಮಾಡಿದವರಿಗೆ ‘ಊಟಕ್ಕೆ ಟಕ್’ ಅಂತ ಹೇಳಿಯೇ ಏಳೋದು ಅಲ್ಲಿನ ರೂಢಿ. ಇದನ್ನು ಕೇಳಿ ಅಮ್ಮ ನನ್ನ ಕಡೆ ನೋಡಿದ ನೋಟ ಮಾತ್ರ ಅನುವಾದ ಆಗೋದಿಲ್ಲ. ಹಿಂದೆ ಭೇಟಿಯಾದವರು ಮತ್ತೆ ಸಿಕ್ಕಾಗ ‘ಕಳೆದ ಸಲಕ್ಕೆ ಟಕ್’ ಅಂತಲೂ ಹೇಳ್ತಾರೆ.

‘ಪ್ಯುಟ್’ ಅಂದ್ರೆ ‘ಹೋಗ್ಲಿ ಬಿಡು’. ಹಾಲು ಚೆಲ್ಲಿದರೆ, ಬಸ್ಸು ತಪ್ಪಿದರೆ ಪ್ಯುಟ್. 2018ರಲ್ಲಿ ಅಲ್ಲಿನ ಗ್ರಂಥಾಲಯ ಸಂಘ ನಡೆಸಿದ ಸ್ಪರ್ಧೆಯಲ್ಲಿ ಡೇನಿಷರ ಅಚ್ಚುಮೆಚ್ಚಿನ ಪದ ಅಂತ ಆಯ್ಕೆಯಾದದ್ದು ಇದೇ. ಸಣ್ಣ ಸೋಲನ್ನು ಅಲ್ಲೇ ಬಿಟ್ಟು ಮುಂದೆ ಹೋಗಲು ಮಕ್ಕಳಿಗೆ ಕೆಲವು ಶಾಲೆಗಳಲ್ಲಿ ‘ಪ್ಯುಟ್ ಗುಂಡಿ’ ಇಟ್ಟಿರ್ತಾರಂತೆ, ಒತ್ತಿ ಸಮಾಧಾನ ಮಾಡಿಕೊಳ್ಳೋಕೆ. ಆದರೆ ಬೇರೆಯವರು ನಿಜವಾಗಿ ನೊಂದಿರುವಾಗ ಇದನ್ನು ಹೇಳಬಾರದು. ‘ಬಿಡು ಅತ್ಲಾಗೆ’ ಅನ್ನೋದನ್ನ ನಾವೂ ಸಾವಿನ ಮನೆಯಲ್ಲಿ ಅನ್ನೋದಿಲ್ಲವಲ್ಲ.

ಚಿಂತೆ ಬೇಡ ಅನ್ನೋಕೆ ‘ಮಂಜುಗಡ್ಡೆ ಮೇಲೆ ಹಸು ಇಲ್ಲ’ ಅಂತಾರೆ. ಹಲಸೂರು ಕೆರೆ ಹೆಪ್ಪುಗಟ್ಟೋದನ್ನು ಯೋಚಿಸಿ ಅಮ್ಮ ಇನ್ನೂ ನಗ್ತಾಳೆ.

ಎಲ್ಲಕ್ಕಿಂತ ಅಮ್ಮನಿಗೆ ಇಷ್ಟವಾದದ್ದು ಬಂಧುಗಳ ಹೆಸರು. ‘ಮೋರ್’ ಅಂದ್ರೆ ತಾಯಿ, ‘ಮೋರ್‌ಮೋರ್’ ಅಂದ್ರೆ ತಾಯಿಯ ತಾಯಿ. ತಂದೆಯ ತಾಯಿಗೆ ಬೇರೆ, ‘ಫಾರ್‌ಮೋರ್’. ನನಗೂ ಒಂದು ಹೆಸರಿದೆ, ‘ಮೋರ್‌ಬ್ರೋರ್’, ಸೋದರಮಾವ. ಇಂಗ್ಲಿಷಿನ ಅಂಕಲ್ ಹಾಗೆ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬೋದಿಲ್ಲ. ‘ನಮ್ಮ ಹಾಗೇನೇ ಇದ್ದಾರೆ’ ಅಂತ ಅಮ್ಮ ಸರ್ಟಿಫಿಕೇಟ್ ಕೊಟ್ಟಾಯ್ತು.

ಈಗ ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ಪ್ಯುಟ್, ಕುಕ್ಕರ್ ಕೂಗಿ ಅನ್ನ ಮುದ್ದೆಯಾದರೂ ಪ್ಯುಟ್. ಅಮ್ಮ ಕಲಿತದ್ದು ಹತ್ತು ಹನ್ನೆರಡು ಮಾತು ಇರಬಹುದು. ವಾಕ್ಯ ಒಂದೂ ಬರೋದಿಲ್ಲ. ರಸೆಲ್ ಮಾರ್ಕೆಟ್‌ನಲ್ಲಿ ಕಲಿತ ಹಾಗೇ ಇದನ್ನೂ ಕಲಿತಳು; ಅಲ್ಲಿ ಬೆಲೆ ಇಳೀತು, ಇಲ್ಲಿ ಎದೆಭಾರ.

ಹೋದ ಭಾನುವಾರ ಅಮ್ಮ ಹೇಳ್ತಿದ್ದಳು, ‘ಪುಟ್ಟೀ, ಮಾವಿನ ಮಿಡಿ ಬಂದಿದೆ, ಉಪ್ಪಿನಕಾಯಿ ಹಾಕ್ತೀನಿ.’ ಆ ಕಡೆಯಿಂದ ಪುಟ್ಟಿ, ಅಕ್ಕ ಏನೂ ಹೇಳಿಕೊಡದೆಯೇ, ‘ಹೌದಾ?’ ಅಂದಳು. ಅಮ್ಮ ಕಣ್ಣು ಒರೆಸಿಕೊಳ್ಳುತ್ತಾ, ರಾಗ ಎಳೆದು ಹೇಳಿದ್ದು ಒಂದೇ ಮಾತು: ‘ನೋ...!’