ಪುಕ್ಕಟೆ ಆಟಕ್ಕೂ ಒಂದು ಲೆಕ್ಕವಿದೆ

ಏಪ್ರಿಲ್, ಮೇ ತಿಂಗಳಲ್ಲಿ ಉಡುಪಿ ಪೇಟೆಯಿಂದ ಸಂಜೆ ಯಾವ ದಿಕ್ಕಿಗೆ ಹೊರಟರೂ ಸ್ವಲ್ಪ ದೂರದಲ್ಲೇ ಎಲ್ಲೋ ಒಂದು ಕಡೆ ಚೆಂಡೆಯ ಸದ್ದು ಕೇಳುತ್ತದೆ. ಶಾಲೆಯ ಮೈದಾನ, ಕೊಯ್ಲು ಮುಗಿದ ಗದ್ದೆ, ದೇವಸ್ಥಾನದ ಎದುರಿನ ಬಯಲು, ಕೆಲವೊಮ್ಮೆ ಹೊಸ ಮನೆಯ ಅಂಗಳ. ಅಲ್ಲಿ ಟಿಕೆಟ್ ಕೌಂಟರ್ ಇಲ್ಲ, ತಡೆದು ನಿಲ್ಲಿಸುವವರೂ ಇಲ್ಲ. ಯಾರು ಬೇಕಾದರೂ ಹೋಗಿ ಕೂರಬಹುದು. ಹೆಚ್ಚಿನ ಕಡೆ ಬಂದವರಿಗೆಲ್ಲ ಊಟವೂ ಇರುತ್ತದೆ. ಮಕ್ಕಳಿಗೆ ರಜೆ, ಊರಿಗೆ ಬಂದ ಮುಂಬೈ, ಪುಣೆಯ ನೆಂಟರು, ಸೆಖೆಗೆ ಮನೆಯೊಳಗೆ ನಿದ್ದೆ ಬಾರದ ರಾತ್ರಿಗಳು. ಬೇಸಿಗೆಯಲ್ಲಿ ಕರಾವಳಿಯ ಈ ಸಣ್ಣ ನಗರಕ್ಕೆ ಸಿಗುವಷ್ಟು ಪುಕ್ಕಟೆ ಕಲೆ ದೇಶದ ದೊಡ್ಡ ನಗರಗಳಿಗೂ ಸಿಗುವುದು ಕಷ್ಟ.

ಇದಕ್ಕೆ ಸರ್ಕಾರದ ಉತ್ಸವ ಸಮಿತಿ ಕಾರಣವಲ್ಲ, ಕಂಪನಿಗಳ ಪ್ರಾಯೋಜಕತ್ವವೂ ಕಾರಣವಲ್ಲ. ಇದು ಹರಕೆಯಿಂದ ನಡೆಯುವ ವ್ಯವಸ್ಥೆ. ಮಗುವಿನ ಕಾಯಿಲೆ ವಾಸಿಯಾದರೆ, ಹೋಟೆಲು ಚೆನ್ನಾಗಿ ನಡೆದರೆ, ಜಾಗದ ವ್ಯಾಜ್ಯ ಮುಗಿದರೆ ಒಂದು ಆಟ ಆಡಿಸುತ್ತೇನೆ ಎಂದು ದೇವಿಗೆ ಹೇಳಿಕೊಂಡವರು ಮೇಳಕ್ಕೆ ವೀಳ್ಯ ಕೊಟ್ಟು ದಿನ ಗೊತ್ತು ಮಾಡುತ್ತಾರೆ. ಕಟೀಲು, ಮಂದಾರ್ತಿಯಂತಹ ಕ್ಷೇತ್ರಗಳಲ್ಲಿ ಒಂದೇ ಹೆಸರಿನಲ್ಲಿ ಹಲವು ಮೇಳಗಳು ತಿರುಗಾಟ ಮಾಡಿದರೂ ಸೇವೆದಾರರ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ದೀಪಾವಳಿಯ ಹೊತ್ತಿಗೆ ಶುರುವಾದ ತಿರುಗಾಟ ಮೇ ಕೊನೆಯ ವಾರದ ಪತ್ತನಾಜೆಗೆ ಮುಗಿಯುತ್ತದೆ. ಆ ದಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಯವರೆಗೆ ಪ್ರತಿ ರಾತ್ರಿ ಯಾವುದೋ ಒಂದು ಮನೆಯ ದುಡ್ಡಿನಲ್ಲಿ ಇಡೀ ಊರು ಆಟ ನೋಡುತ್ತದೆ.

ಆಟ ಆಡಿಸುವವರಲ್ಲಿ ದೊಡ್ಡ ಪಾಲು ಊರು ಬಿಟ್ಟವರದು. ಆಮಂತ್ರಣ ಪತ್ರದಲ್ಲಿ ಮನೆತನದ ಹೆಸರಿನ ಕೆಳಗೆ ಮುಂಬೈ, ಪುಣೆ, ಚೆನ್ನೈ ಎಂದು ಇರುವುದು ಹೊಸತೇನಲ್ಲ. ಎರಡು ಮೂರು ತಲೆಮಾರಿನ ಹೋಟೆಲು ದುಡಿಮೆಯ ಹಣ ಊರಿನ ಗದ್ದೆಯಲ್ಲಿ ಒಂದು ರಾತ್ರಿಯ ಬೆಳಕಾಗಿ ಹಿಂದಕ್ಕೆ ಬರುತ್ತದೆ. ಆದ್ದರಿಂದ ಈ ಪುಕ್ಕಟೆ ಆಟದ ಒಳಿತು ಕೆಡುಕಿನ ಮಾತು ಉಡುಪಿಯವರಿಗೆ ಎಷ್ಟು ಸೇರಿದ್ದೋ ಅಂಧೇರಿ, ಡೊಂಬಿವಲಿಯಲ್ಲಿ ಇರುವವರಿಗೂ ಅಷ್ಟೇ ಸೇರಿದ್ದು.

ಹರಕೆ ಆಟದ ದೊಡ್ಡ ಗುಣವೆಂದರೆ ಅದು ಜನಪ್ರಿಯತೆಯನ್ನು ನಂಬಿ ಬದುಕಿಲ್ಲ. ಇದರ ಬೆಲೆ ತಿಳಿಯಬೇಕಾದರೆ ಡೇರೆ ಮೇಳಗಳ ಕಥೆ ನೋಡಬೇಕು. ಇಪ್ಪತ್ತನೆಯ ಶತಮಾನದ ನಡುವಿನಿಂದ ಕರಾವಳಿಯಲ್ಲಿ ಡೇರೆ ಕಟ್ಟಿ, ಟಿಕೆಟ್ ಇಟ್ಟು ಆಡುವ ಮೇಳಗಳು ಬೆಳೆದವು. ಜನ ಟಿಕೆಟ್ ಕೊಂಡು ತುಂಬಿದರು. ಭಾಗವತ ಕಾಳಿಂಗ ನಾವಡರು ಬರೆದ ‘ನಾಗಶ್ರೀ’ಯಂತಹ ಪ್ರಸಂಗ ಸಾಲಿಗ್ರಾಮ ಮೇಳದಲ್ಲಿ ಗೆದ್ದದ್ದು ಈ ಡೇರೆಯೊಳಗೇ. ಪ್ರೇಕ್ಷಕ ಹಣ ಕೊಟ್ಟು ಬಂದವನು, ಅವನಿಗೆ ಹಿಡಿಸದಿದ್ದರೆ ಮಾರನೆಯ ದಿನ ಡೇರೆ ಖಾಲಿ. ಆ ಒತ್ತಡ ಹೊಸ ಪ್ರಸಂಗಗಳನ್ನೂ ಹೊಸ ತಾರೆಗಳನ್ನೂ ಕೊಟ್ಟಿತು. ಆದರೆ ಟೀವಿ ಬಂದ ಮೇಲೆ, ಖರ್ಚು ಏರಿದ ಮೇಲೆ ಅದೇ ಒತ್ತಡ ಮೇಳಗಳನ್ನು ಮುರಿಯಿತು. ಹೆಸರಾಂತ ಸುರತ್ಕಲ್ ಮೇಳ ನಿಂತುಹೋಯಿತು. ಧರ್ಮಸ್ಥಳ ಮೇಳ ಡೇರೆ ಬಿಟ್ಟು ಸೇವೆ ಆಟಕ್ಕೆ ಮರಳಿತು. ಟಿಕೆಟ್ಟಿನ ಮೇಳಗಳು ಕೈಬೆರಳಿನಲ್ಲಿ ಎಣಿಸುವಷ್ಟಾದಾಗಲೂ ಹರಕೆಯ ಮೇಳಗಳು ಹೆಚ್ಚುತ್ತಲೇ ಹೋದವು. ಸೇವೆ ಸಲ್ಲುವುದು ದೇವಿಗೆ, ಎದುರಿಗೆ ಸಾವಿರ ಜನ ಇರಲಿ, ಹತ್ತು ಜನ ಇರಲಿ ಆಟ ನಡೆಯುತ್ತದೆ. ಯಾವ ಮಾರುಕಟ್ಟೆಯೂ ಕೊಡದ ಭದ್ರತೆ ಇದು.

ತೊಂದರೆಯೂ ಇಲ್ಲೇ ಇದೆ. ಎದುರಿಗೆ ಹತ್ತೇ ಜನ ಇದ್ದರೂ ಆಟ ನಡೆಯುತ್ತದೆ ಎಂದಾದರೆ ಆ ಹತ್ತು ಜನ ಯಾಕೆ ಉಳಿದರು, ಉಳಿದವರು ಯಾಕೆ ಎದ್ದು ಹೋದರು ಎಂದು ಕೇಳುವವರು ಇರುವುದಿಲ್ಲ. ಚೌಕಿ ಪೂಜೆಗೆ ಜನ ಸೇರುತ್ತಾರೆ, ಊಟಕ್ಕೆ ಸಾಲು ನಿಲ್ಲುತ್ತಾರೆ, ಆಮೇಲೆ ಕಾರುಗಳು ಒಂದೊಂದಾಗಿ ಹೊರಡುತ್ತವೆ. ಆಡಿಸಿದ ಮನೆಯವರೇ ನೆಂಟರನ್ನು ಕಳುಹಿಸಿಕೊಡುವ ಗಡಿಬಿಡಿಯಲ್ಲಿ ರಂಗಸ್ಥಳದ ಕಡೆ ತಿರುಗಿ ನೋಡಿರುವುದಿಲ್ಲ. ‘ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎಂಬ ಮಾತು ಇಲ್ಲಿ ಊಟದ ಎಲೆಗೆ ಹೊಂದುತ್ತದೆ, ಆಟಕ್ಕೆ ಹೊಂದುವುದಿಲ್ಲ. ಖರ್ಚಿನ ಪಟ್ಟಿಯನ್ನು ನೋಡಿದರೂ ಇದೇ ಕಥೆ: ಮೇಳದ ವೀಳ್ಯ ಒಂದು ಸಾಲು, ಶಾಮಿಯಾನ, ದೀಪಾಲಂಕಾರ, ದಾರಿಯುದ್ದದ ಬ್ಯಾನರ್, ಅಡುಗೆ, ಫೋಟೋ, ವೀಡಿಯೋ ಉಳಿದ ಎಲ್ಲ ಸಾಲು.

ಇದನ್ನು ಕಂಡು ಬೇಸತ್ತ ಕೆಲವರು, ಮತ್ತೆ ಟಿಕೆಟ್ ಇಡಬೇಕು, ದುಡ್ಡು ಕೊಟ್ಟರೆ ಮಾತ್ರ ಜನಕ್ಕೆ ಬೆಲೆ ತಿಳಿಯುತ್ತದೆ ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ಟಿಕೆಟ್ ಇಟ್ಟ ಕೂಡಲೇ ಯಾರು ಹೊರಗೆ ಉಳಿಯುತ್ತಾರೆ ಎಂದೂ ನೋಡಬೇಕು. ಹಣವಿದ್ದೂ ಆಸಕ್ತಿ ಇಲ್ಲದವನು ಹೇಗೂ ಬರುವುದಿಲ್ಲ. ಹೊರಗೆ ಉಳಿಯುವವರು ಪಕ್ಕದ ಮನೆಯ ಎಂಟು ವರ್ಷದ ಹುಡುಗಿ, ಮಲ್ಪೆಯ ಬಂದರಿನಲ್ಲಿ ದುಡಿದು ಬಂದವನು, ಮೊಮ್ಮಗನ ಕೈ ಹಿಡಿದು ಬಂದ ಅಜ್ಜಿ. ಈ ಕಲೆಗೆ ಹೊಸ ಕಲಾವಿದರು ಬರುವುದು ಎಂಟು ವರ್ಷದವರ ಆ ಗುಂಪಿನಿಂದ. ಹಿರಿಯ ವೇಷಧಾರಿಗಳಲ್ಲಿ ಬಹುಪಾಲು ಮಂದಿಗೆ ಆಟದ ಹುಚ್ಚು ಹಿಡಿದದ್ದು ತರಗತಿಯಲ್ಲಲ್ಲ, ರಂಗಸ್ಥಳದ ಎದುರು ಚಾಪೆ ಹಾಸಿಕೊಂಡು ಅರೆನಿದ್ದೆಯಲ್ಲಿ ನೋಡಿದ ರಾತ್ರಿಗಳಲ್ಲಿ. ಆ ಜಾಗಕ್ಕೆ ನೂರು ರೂಪಾಯಿ ಬೆಲೆ ಇಟ್ಟರೆ ಇಂದಿನ ಪ್ರೇಕ್ಷಕರಷ್ಟೇ ಅಲ್ಲ, ಮುಂದಿನ ಕಲಾವಿದರೂ ಹೊರಗೆ ಉಳಿಯುತ್ತಾರೆ. ಆಟ ಪುಕ್ಕಟೆಯಾಗಿಯೇ ಉಳಿಯಬೇಕು. ಬದಲಾಗಬೇಕಾದ್ದು ಆಡಿಸುವವರ ಹಣ ಹೋಗುವ ದಾರಿ.

ಮೊದಲನೆಯದು ಆಟದ ಮೊದಲ ಗಂಟೆಯ ವಿಚಾರ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗಾಗಿ ರಾಜ್ಯ ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದಾದರೂ ಅದು ವರ್ಷಕ್ಕೆ 15 ದಿನ ಮೀರುವಂತಿಲ್ಲ. ಆರು ತಿಂಗಳು ಪ್ರತಿದಿನ ಆಡುವ ಮೇಳಗಳಿಗೆ 15 ದಿನ ಯಾವ ಮೂಲೆಗೂ ಸಾಲದು. ಈ ಕಾರಣಕ್ಕೂ, ಬೆಳಗಿನವರೆಗೆ ಕೂರುವವರು ಕಡಿಮೆಯಾದ ಕಾರಣಕ್ಕೂ ಕಾಲಮಿತಿಯ ಆಟಗಳು ಹೆಚ್ಚಿವೆ. ಇದರಲ್ಲಿ ತಪ್ಪೇನಿಲ್ಲ. ಪರೀಕ್ಷೆ ಇರುವ ಮಕ್ಕಳು, ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಕೊನೆಯ ಮಂಗಳದವರೆಗೂ ಕೂತು ನೋಡುವಂತಾಗಿದೆ. ಪೇಟೆಯ ನಡುವೆ ಮಲಗಿರುವ ರೋಗಿಗಳಿಗೂ ನೆಮ್ಮದಿ.

ಆದರೆ ಸಮಯ ಉಳಿಸುವಾಗ ಕತ್ತರಿ ಮೊದಲು ಬೀಳುವುದು ಪೂರ್ವರಂಗಕ್ಕೆ. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಇವೆಲ್ಲ ಕಥೆಗೆ ಸೇರಿದ ಭಾಗವಲ್ಲ, ಬಿಟ್ಟರೆ ಪ್ರಸಂಗಕ್ಕೆ ನಷ್ಟವಿಲ್ಲ ಎಂಬುದು ನಿಜ. ಆದರೆ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಗೆಜ್ಜೆ ಕಟ್ಟಿ ರಂಗಕ್ಕೆ ಇಳಿಯುವುದು ಇದೇ ವೇಷಗಳಲ್ಲಿ. ತಾಳಕ್ಕೆ ಹೆಜ್ಜೆ ಹೊಂದಿಸುವುದು, ಜನರ ಕಣ್ಣೆದುರು ನಿಲ್ಲುವ ಅಂಜಿಕೆ ಕಳೆಯುವುದು, ಚೆಂಡೆ ಮದ್ದಳೆಯ ಹೊಸಬರು ಕೈ ಪಳಗಿಸಿಕೊಳ್ಳುವುದು ಇಲ್ಲಿಯೇ. ಕೋಡಂಗಿಯಿಂದ ಬಾಲಗೋಪಾಲಕ್ಕೆ, ಅಲ್ಲಿಂದ ಸಣ್ಣ ವೇಷಕ್ಕೆ, ಪುಂಡುವೇಷಕ್ಕೆ ಏರುವ ಮೆಟ್ಟಿಲಿನ ಕೆಳಗಿನ ಹಂತವನ್ನೇ ತೆಗೆದುಬಿಟ್ಟರೆ ಮೇಲಿನವರೆಗೆ ಏರುವವರು ಎಲ್ಲಿಂದ ಬರಬೇಕು? ಆಡಿಸುವವರು ಮೇಳದವರೊಡನೆ ದಿನ ಗೊತ್ತು ಮಾಡುವಾಗಲೇ ‘ಪೂರ್ವರಂಗ ಬಿಡಬೇಡಿ, ಬೇಕಾದರೆ ಒಂದು ಗಂಟೆ ಮೊದಲು ಶುರು ಮಾಡುವ’ ಎಂದು ಕೇಳಬಹುದು. ಸಭಾ ಕಾರ್ಯಕ್ರಮದ ಭಾಷಣ, ಸನ್ಮಾನಗಳಲ್ಲಿ ಅರ್ಧ ಗಂಟೆ ಕಡಿಮೆ ಮಾಡಿದರೂ ಸಾಕು. ಇದಕ್ಕೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ.

ಎರಡನೆಯದು ಮಳೆಗಾಲ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯವರೆಗೆ ಹೆಚ್ಚಿನ ಕಲಾವಿದರಿಗೆ ನಿಗದಿಯ ಸಂಬಳ ಇರುವುದಿಲ್ಲ. ಹೆಸರು ಮಾಡಿದವರಿಗೆ ಮುಂಬೈ, ಬೆಂಗಳೂರಿನ ಸಭಾಂಗಣಗಳ ಮಳೆಗಾಲದ ಆಟಗಳಿಗೆ ಕರೆ ಬರುತ್ತದೆ. ಇನ್ನು ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆ ಮನೆಗೆ ಹೋಗಿ, ಚಾವಡಿಯಲ್ಲಿ ಹತ್ತು ನಿಮಿಷ ಹಾಡಿ ಕುಣಿದು, ಕೊಟ್ಟ ಕಾಣಿಕೆ ತೆಗೆದುಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ಉಳಿದವರು ಅಡುಗೆ ಕೆಲಸ, ಗದ್ದೆ ಕೆಲಸ, ಅಂಗಡಿ ಕೆಲಸ ಹುಡುಕುತ್ತಾರೆ. ಬೇಸಿಗೆಯಲ್ಲಿ ಊರೆಲ್ಲ ಪುಕ್ಕಟೆ ನೋಡಿದ ಕಲೆಯ ಬಾಕಿ ಮಳೆಗಾಲದಲ್ಲಿ ಕಲಾವಿದನ ಮನೆಯಲ್ಲಿ ತೀರುತ್ತದೆ ಎಂದರೆ ಅತಿಶಯವಲ್ಲ.

ಇದಕ್ಕೆ ದಾರಿ ಹೊಸದಾಗಿ ಕಂಡುಹಿಡಿಯಬೇಕಿಲ್ಲ, ಉಡುಪಿಯಲ್ಲೇ ಇದೆ. 1975ರಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗ ದಾನಿಗಳ ಹಣವನ್ನು ಒಂದು ರಾತ್ರಿಯ ಆಟಕ್ಕೆ ಮಾತ್ರ ಸುರಿಯದೆ ಕಲಾವಿದರ ವಿಮೆಗೆ, ಮನೆ ಕಟ್ಟಿಕೊಡುವುದಕ್ಕೆ, ವಿದ್ಯಾರ್ಥಿಗಳ ಓದಿಗೆ ತಿರುಗಿಸಿದೆ. ಉಡುಪಿಯ ಪ್ರೌಢಶಾಲೆಗಳಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸುವ ಕೆಲಸವೂ ನಡೆಯುತ್ತಿದೆ. ಹೀಗೆ ಕಲಿತ ಹುಡುಗಿಯರೂ ಹುಡುಗರೂ ಡಿಸೆಂಬರಿನಲ್ಲಿ ಬಯಲಲ್ಲಿ ಆಡುತ್ತಾರೆ, ಅದನ್ನೂ ಜನ ಪುಕ್ಕಟೆ ನೋಡುತ್ತಾರೆ. ಸಣ್ಣ ನಗರಕ್ಕೆ ಇರುವ ಅನುಕೂಲ ಇದು: ಕೊಡುವವರು, ಆಡುವವರು, ನೋಡುವವರು ಒಬ್ಬರಿಗೊಬ್ಬರು ಗೊತ್ತು. ಯಾವ ಭಾಗವತರ ಮಗಳ ಕಾಲೇಜು ಫೀಸು ಬಾಕಿ ಇದೆ, ಯಾವ ವೇಷಧಾರಿಯ ಮೊಣಕಾಲು ಕೆಟ್ಟಿದೆ ಎಂಬುದು ವಿಚಾರಿಸಿದರೆ ಅರ್ಧ ದಿನದಲ್ಲಿ ತಿಳಿಯುತ್ತದೆ.

ಹಾಗಾದರೆ ಆಟ ಆಡಿಸುವ ಮನೆಯೊಂದು ತನ್ನ ಒಟ್ಟು ಖರ್ಚಿನ ಹತ್ತನೆಯ ಒಂದು ಪಾಲನ್ನು ಕಲಾವಿದರ ಮಳೆಗಾಲಕ್ಕೆಂದು ಎತ್ತಿಡುವುದು ಅಸಾಧ್ಯವೇ? ದಾರಿಯ ಬ್ಯಾನರ್, ಹೆಚ್ಚುವರಿ ದೀಪದ ಕಮಾನುಗಳಲ್ಲಿ ಆ ಪಾಲು ಆರಾಮವಾಗಿ ಸಿಗುತ್ತದೆ. ಹರಕೆ ಹೇಳಿಕೊಂಡದ್ದು ಆಟಕ್ಕೆ ಹೊರತು ಕಮಾನಿಗಲ್ಲ. ಮುಂಬೈ, ಪುಣೆಯ ಕನ್ನಡ ಸಂಘಗಳಿಗೂ ಇದೇ ಮಾತು. ಮಳೆಗಾಲದಲ್ಲಿ ಮೇಳ ಕರೆಸುವಾಗ ಪ್ರತಿ ವರ್ಷ ಅದೇ ನಾಲ್ಕು ಪ್ರಸಿದ್ಧರ ಹೆಸರಿನ ಜೊತೆ ಒಬ್ಬಿಬ್ಬರು ಹೊಸಬರನ್ನೂ, ಕೋಡಂಗಿ ಬಾಲಗೋಪಾಲದ ಹುಡುಗರನ್ನೂ ಕರೆಸಿದರೆ ಅವರ ಮಳೆಗಾಲಕ್ಕೆ ಒಂದು ಆಸರೆಯಾಗುತ್ತದೆ. ಊರಿನಲ್ಲಿ ನೋಡುವ ಅವಕಾಶ ಸಿಗದೆ ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಪೂರ್ವರಂಗ ಎಂದರೇನೆಂದು ಕಾಣುತ್ತಾರೆ.

ದೇವಿಗೆ ಸಲ್ಲಿಸುವ ಸೇವೆಯಲ್ಲಿ ಹೀಗೆ ಲೆಕ್ಕ ಹಾಕುವುದು ಸರಿಯೇ ಎಂದು ಕೇಳುವವರಿದ್ದಾರೆ. ಹರಕೆ ಭಕ್ತಿಯ ವಿಷಯ, ಅದಕ್ಕೆ ಷರತ್ತು ಹಾಕಬಾರದು ಎಂಬ ಮಾತು ಗೌರವಕ್ಕೆ ತಕ್ಕದ್ದು. ಆದರೆ ಇಲ್ಲಿ ಹರಕೆಗೆ ಷರತ್ತು ಬೀಳುವುದಿಲ್ಲ. ಆಡುವ ಪ್ರಸಂಗ ಅದೇ ‘ದೇವಿ ಮಹಾತ್ಮೆ’ ಇರಲಿ, ಚೌಕಿಯ ಪೂಜೆ ಹಾಗೆಯೇ ನಡೆಯಲಿ, ಊಟವೂ ಇರಲಿ. ದೇವಿಯ ವೇಷ ಕಟ್ಟಿ ಉಯ್ಯಾಲೆಯಲ್ಲಿ ಕೂರುವವರಿಗೆ ಭಕ್ತರು ಕೈ ಮುಗಿಯುತ್ತಾರೆ, ಆರತಿ ಎತ್ತುತ್ತಾರೆ. ಅದೇ ವ್ಯಕ್ತಿ ಜುಲೈ ತಿಂಗಳಿನಲ್ಲಿ ಔಷಧಿ ಅಂಗಡಿಯ ಮುಂದೆ ಸಾಲಕ್ಕೆ ನಿಲ್ಲಬಾರದು ಎಂದು ಬಯಸುವುದೂ ಸೇವೆಯೊಳಗಿನ ಸಂಗತಿಯೇ.

ಇವೆಲ್ಲಕ್ಕಿಂತ ಸುಲಭವಾದದ್ದೂ ಒಂದಿದೆ. ಈ ಬೇಸಿಗೆಯಲ್ಲಿ ಮತ್ಸ್ಯಗಂಧ ರೈಲಿನಲ್ಲೋ ರಾತ್ರಿ ಬಸ್ಸಿನಲ್ಲೋ ಊರಿಗೆ ಹೋಗಿ ಆಟ ಆಡಿಸುವವರು, ಆಡಿಸಿದವರ ಕರೆಗೆ ಹೋಗುವವರು ಊಟವಾದ ಮೇಲೂ ಎರಡು ಗಂಟೆ ಕೂತು ನೋಡಲಿ. ಮಕ್ಕಳನ್ನು ಮೊಬೈಲಿನಿಂದ ಎಬ್ಬಿಸಿ ಮುಂದಿನ ಸಾಲಿನಲ್ಲಿ ಕೂರಿಸಲಿ, ಯಾರು ಯಾವ ವೇಷ ಎಂದು ಪಕ್ಕದಲ್ಲಿ ಕೂತು ಹೇಳಿಕೊಡಲಿ. ಆಟ ಮುಗಿದ ಮೇಲೆ ಚೌಕಿಗೆ ಹೋಗಿ ಬಣ್ಣ ಒರೆಸಿಕೊಳ್ಳುತ್ತಿರುವ ಹುಡುಗನಿಗೆ ‘ಲಾಯ್ಕಾಯ್ತು’ ಎನ್ನಲಿ. ಖಾಲಿ ಕುರ್ಚಿಗಳ ಎದುರು ತಿಂಗಳುಗಟ್ಟಲೆ ಕುಣಿದವನಿಗೆ ಮುಂದಿನ ತಿರುಗಾಟಕ್ಕೂ ಗೆಜ್ಜೆ ಕಟ್ಟಬೇಕು ಅನ್ನಿಸುವುದಕ್ಕೆ ವೀಳ್ಯದಷ್ಟೇ ಈ ಮಾತೂ ಬೇಕು.