ಎರಡನೇ ಬ್ಯಾಟರಿಯ ಹೊಟ್ಟೆಪಾಡು

ಆಸ್ಟ್ರೇಲಿಯದ ಸಿಂಪ್ಸನ್ ಮರುಭೂಮಿಯಲ್ಲಿ ಸಾಲುಸಾಲಾಗಿ 1,100ಕ್ಕೂ ಹೆಚ್ಚು ಮರಳುದಿಬ್ಬಗಳಿವೆ. ಅವನ್ನು ಹತ್ತಿಳಿದು ದಾಟುವ ಜೀಪಿನವರಿಗೆ ನಡುದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಮೆಕ್ಯಾನಿಕ್ಕೂ ಇಲ್ಲ. ರಾತ್ರಿಯಿಡೀ ಫ್ರಿಜ್ ಓಡಿಸಿ, ಬೆಳಿಗ್ಗೆ ಕೀಲಿ ತಿರುಗಿಸಿದಾಗ ಎಂಜಿನ್ ‘ಟಕ್’ ಎಂದು ಸುಮ್ಮನಾದರೆ ಗತಿಯೇನು? ಮರಳಿನಲ್ಲಿ ತಳ್ಳಿ ಚಾಲೂ ಮಾಡುವ ಮಾತೇ ಇಲ್ಲ.

ಅದಕ್ಕೇ ಇಂಥ ವಾಹನಗಳಲ್ಲಿ ಎರಡು ಬ್ಯಾಟರಿ. ಒಂದು ಎಂಜಿನ್ನಿಗೆ ಮೀಸಲು, ಇನ್ನೊಂದು ಬಿಡಾರದ ಖರ್ಚಿಗೆ. ನಡುವೆ ಕಾವಲುಗಾರನಂತೆ ಒಂದು ರಿಲೇ. ಎಂಜಿನ್ ಓಡುವಾಗ ಅದು ಎರಡನ್ನೂ ಜೋಡಿಸುತ್ತದೆ; ನಿಂತ ಮೇಲೆ ಬೇರ್ಪಡಿಸುತ್ತದೆ.

ಇಷ್ಟಾದರೂ, ಹಗಲಿಡೀ ಓಡಿದ ಮೇಲೂ ಎರಡನೆಯದು ಅರೆಹೊಟ್ಟೆಯಲ್ಲೇ ಉಳಿಯುವುದುಂಟು. ಕಳ್ಳ ಇರುವುದು ತಂತಿಯಲ್ಲಿ. ಸೀಸ-ಆಮ್ಲದ ಬ್ಯಾಟರಿ ಚೆನ್ನಾಗಿ ತುಂಬಲು ಸುಮಾರು 14.4 ವೋಲ್ಟ್ ಬೇಕು. ವಾಹನದ ಹಿಂಬದಿಗೆ ಹೋಗಿಬರುವ ತಾಮ್ರದ ತಂತಿ ಒಟ್ಟು 10 ಮೀಟರ್ ಉದ್ದ, 6 ಚದರ ಮಿಲಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. 20 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 0.6 ವೋಲ್ಟ್ ಖೋತಾ! ವೋಲ್ಟೇಜ್ ತಗ್ಗಿದಷ್ಟೂ ಬ್ಯಾಟರಿ ತುಂಬುವುದು ನಿಧಾನ. ತಂತಿಯನ್ನು ಮೂರು ಪಟ್ಟು ದಪ್ಪ ಮಾಡಿದರೆ ಖೋತಾ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಹೊಸ ವಾಹನಗಳದು ಇನ್ನೊಂದು ತಕರಾರು. ಇಂಧನ ಉಳಿಸಲೆಂದು ಅನೇಕ ವಾಹನಗಳ ಕಂಪ್ಯೂಟರ್ ಆಲ್ಟರ್ನೇಟರಿನ ವೋಲ್ಟೇಜನ್ನೇ ತಗ್ಗಿಸುತ್ತದೆ. ಅಲ್ಲಿ ರಿಲೇ ಸಾಲದು. ತಗ್ಗಿದ್ದನ್ನು ಏರಿಸಿ ಉಣಿಸುವ ಡಿಸಿ-ಡಿಸಿ ಚಾರ್ಜರ್ ಬೇಕು.

ಹೊಟ್ಟೆ ತುಂಬಿದೆಯೇ ಎಂದು ತಿಳಿಯಲು ಒಂದು ಮೀಟರ್ ಸಾಕು. ಎಂಜಿನ್, ಫ್ರಿಜ್ ಎಲ್ಲವನ್ನೂ ಆರಿಸಿ, ಕೆಲವು ಗಂಟೆ ಬಿಟ್ಟು ಅಳೆದಾಗ 12.7 ವೋಲ್ಟ್ ತೋರಿಸಿದರೆ ಭರ್ತಿ. 12.2ರ ಆಸುಪಾಸಿದ್ದರೆ ಅರ್ಧ ಖಾಲಿ. ಆ ರಾತ್ರಿ ತಂಪು ಪಾನೀಯದ ಆಸೆ ಬಿಡುವುದೇ ಲೇಸು.