ನಾಯಿಗೂ ಸ್ವಾಗತ ಎನ್ನುವ ಬೆಟ್ಟದ ಮನೆ

ಮೈಸೂರಿನ ಹೆಬ್ಬಾಳದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಐದು ವರ್ಷದ ಲ್ಯಾಬ್ರಡಾರ್ ನಾಯಿಯೊಂದಿದೆ. ಹೆಸರು ಬ್ರೂನೊ. ಕೈಗಾರಿಕಾ ಪ್ರದೇಶಕ್ಕೆ ಹತ್ತಿರದ ಆ ಬೀದಿಯಲ್ಲಿ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಸರಪಳಿಯ ತುದಿಯಲ್ಲಿ ನಡೆದು ಬರುವುದಷ್ಟೇ ಅದರ ಲೋಕಸಂಚಾರ. ಕಳೆದ ಚಳಿಗಾಲದಲ್ಲಿ ತಂಗಿ ಫೋನ್ ಮಾಡಿ, ನಮ್ಮ ಸೋಮವಾರಪೇಟೆಯ ಸೀಮೆಯಲ್ಲೇ, ಪುಷ್ಪಗಿರಿ ವನ್ಯಧಾಮದ ಸೆರಗಿನ ಗುಡ್ಡವೊಂದರ ಮೇಲೆ, ವಿದ್ಯುತ್ ತಂತಿಯಿಲ್ಲದ, ಮೊಬೈಲ್ ಸಂಕೇತ ತಲುಪದ, ನಾಯಿಯನ್ನೂ ಕರೆದೊಯ್ಯಬಹುದಾದ ಮರದ ಮನೆಯೊಂದು ಎರಡು ರಾತ್ರಿಗೆ ಸಿಕ್ಕಿದೆಯೆಂದೂ ನಾನು ಬರಲೇಬೇಕೆಂದೂ ಒತ್ತಾಯಿಸಿದಳು. ಮನೆಯಿಂದ ಹದಿನೆಂಟು ಕಿಲೋಮೀಟರ್ ದೂರದ ಗುಡ್ಡಕ್ಕೆ ಬಾಡಿಗೆ ಕೊಟ್ಟು ಮಲಗಲು ಹೋಗುವುದು ನನಗೆ ವಿಚಿತ್ರವಾಗಿ ಕಂಡಿತು. ಆದರೂ ಹೋದೆ.

ಮನೆ ಚೆನ್ನಾಗಿತ್ತು, ಅದನ್ನು ಮೊದಲೇ ಹೇಳಿಬಿಡಬೇಕು. ಹಳೆಯ ತೊಲೆಗಳನ್ನೇ ಬಳಸಿ ಕಟ್ಟಿದ ಎರಡು ಕೋಣೆ, ಒಂದು ಜಗಲಿ. ಮಾಡಿನ ಮೇಲೆ ಎರಡು ಸೌರಫಲಕ, ಅವುಗಳಿಂದ ಉರಿಯುವ ನಾಲ್ಕು ದೀಪ. ಅಬ್ಬಿಯ ನೀರನ್ನು ಕರಿಯ ಪೈಪಿನಲ್ಲಿ ಇಳಿಸಿಕೊಂಡಿದ್ದಾರೆ, ಸ್ನಾನಕ್ಕೆ ಹಂಡೆಯೊಲೆ. ಸ್ವಲ್ಪ ಕೆಳಗಿರುವ ಯಜಮಾನರ ಮನೆಯಲ್ಲಿ ಮಳೆಗಾಲದುದ್ದಕ್ಕೂ ಹಳ್ಳದ ನೀರಿನಿಂದ ತಿರುಗುವ ಪುಟ್ಟ ಟರ್ಬೈನು ಇದೆ. ನಮ್ಮ ಕಡೆಯ ಎಷ್ಟೋ ಒಂಟಿಮನೆಗಳು ಇಂಥ ಟರ್ಬೈನನ್ನು ನೆಚ್ಚಿಯೇ ದೀಪ ಕಂಡವು. ಕಂಬಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ ತಲೆಮಾರಿನ ಕಣ್ಣೆದುರಿನಲ್ಲಿಯೇ ಕರೆಂಟಿಲ್ಲದಿರುವುದು ಮಾರಾಟದ ಸರಕಾಗಿದೆ. ನನಗೆ ಇದರಲ್ಲಿ ತಕರಾರಿಲ್ಲ. ಮೆಣಸಿನ ಬಳ್ಳಿ ಸೊರಗಿದ ವರ್ಷ ಈ ಎರಡು ಕೋಣೆಗಳ ಬಾಡಿಗೆಯಿಂದಲೇ ತಾವು ಸಾಲದ ಕಂತು ಕಟ್ಟಿದುದಾಗಿ ಯಜಮಾನರು ಹೇಳಿದರು. ಗುಡ್ಡವನ್ನು ಯಂತ್ರದಿಂದ ಸೀಳಿ, ಇಳಿಜಾರಿನಲ್ಲಿ ಈಜುಕೊಳ ಕಟ್ಟುವ ರೆಸಾರ್ಟುಗಳಿಗಿಂತ ಇದು ಎಷ್ಟೋ ಮೇಲು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ದಿನ ಬೆಳಕು ಹರಿಯುವ ಮೊದಲು ಕೆಳಗಿನ ಕಾಡಿನಲ್ಲಿ ಕಾಡುಕುರಿ ಕೂಗಿತು. ಅದರ ಕೂಗು ನಾಯಿಯ ಬೊಗಳಿನಂತೆಯೇ ಇರುತ್ತದೆ, ಹೊಸಬರು ಮೋಸಹೋಗುತ್ತಾರೆ. ಬ್ರೂನೊವೂ ಮೋಸಹೋಯಿತೋ ಏನೋ, ತಂಗಿಯ ಗಂಡ ಬಾಗಿಲು ತೆರೆದದ್ದೇ ತಡ, ಅವರ ಕಾಲಸಂದಿಯಿಂದ ನುಗ್ಗಿ ಮಂಜಿನೊಳಗೆ ಮಾಯವಾಯಿತು. ಕೂಗಿದೆವು, ಶಿಳ್ಳೆ ಹಾಕಿದೆವು. ಮೊಬೈಲ್ ಸಂಕೇತವಿಲ್ಲದ ಸುಖ ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ. ಕೊನೆಗೆ ಯಜಮಾನರು ಕತ್ತಿ ಹಿಡಿದು ಮುಂದಾದರು, ನಾವು ಹಿಂದೆ ನಡೆದೆವು. ಎರಡು ಗಂಟೆಯ ಮೇಲೆ ಹಳ್ಳದ ಪಕ್ಕದಲ್ಲಿ ಬ್ರೂನೊ ಸಿಕ್ಕಿತು. ಒಂಟಿಯಾಗಿರಲಿಲ್ಲ, ಯಜಮಾನರ ಮನೆಯ ಮೂರು ನಾಯಿಗಳೂ ಜೊತೆಯಲ್ಲಿದ್ದವು. ನಾಲ್ಕರ ನಡುವೆ ಕಾಡುಕುರಿಯ ಮರಿಯೊಂದು ಸತ್ತು ಬಿದ್ದಿತ್ತು.

ಕೊಂದದ್ದು ಯಾವ ನಾಯಿ ಎಂದು ಹೇಳುವಂತಿರಲಿಲ್ಲ. ನಾಲ್ಕರ ಮೂತಿಯೂ ಕೆಂಪಾಗಿತ್ತು. ಹನ್ನೊಂದು ವರ್ಷದ ತಂಗಿಯ ಮಗಳು, "ದೊಡ್ಡಮ್ಮ, ಬ್ರೂನೊ ಅಲ್ಲ ಅಲ್ವಾ?" ಎಂದು ಕೇಳಿದಳು. ನಾನು ಉತ್ತರಿಸಲಿಲ್ಲ. ಮನೆಗೆ ಬಂದು ಅದರ ಕಿವಿಯ ಒಳಗಿನಿಂದ, ಬೆರಳ ಸಂದಿನಿಂದ ಉಣುಗುಗಳನ್ನು ಕಿತ್ತು ಉಪ್ಪುನೀರಿನ ಲೋಟಕ್ಕೆ ಹಾಕುತ್ತ ಕುಳಿತಾಗ ಮೂವತ್ತೇಳರವರೆಗೆ ಎಣಿಸಿದ್ದು ನೆನಪಿದೆ.

ನಾಯಿಗೆ ಬೆಟ್ಟ ಹೊಸದು, ಇದೆಲ್ಲ ಪೇಟೆಯವರ ಹೊಸ ಶೋಕಿ ಎಂದು ನಮ್ಮಲ್ಲಿ ಹಲವರು ಮಾತನಾಡುವುದುಂಟು. ಅದು ಸರಿಯಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೆನೆಯಬೇಕು. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನೆಂಬ ವೀರ ತನ್ನ ಒಡೆಯನಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಗುಡ್ಡದಲ್ಲಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ 949-50ರ ಸುಮಾರಿನಲ್ಲಿ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ಹಿಂದೆಯೇ ಕನ್ನಡಿಗರು ನಾಯಿಯ ಮೇಲಿನ ಪ್ರೀತಿಯನ್ನು ಕಲ್ಲಿನಲ್ಲಿ ಕೆತ್ತಿಸಿದರು. ಕಾಡಿಗೆ ಹೋದ ನಾಯಿ ಮಾಡುವ ಕೆಲಸವೇನೆಂಬುದನ್ನೂ ಅದೇ ಕಲ್ಲಿನಲ್ಲಿ ಕೆತ್ತಿಸಿದರು. ಸೋಫಾದ ಮೇಲೆ ಮಲಗುವ ಲ್ಯಾಬ್ರಡಾರ್ ಆ ಕೆಲಸವನ್ನು ಮರೆತಿದೆಯೆಂದು ಭಾವಿಸುವುದು ನಮ್ಮ ತಪ್ಪು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಸತ್ತ ಮರಿಯಲ್ಲ, ಆ ನಾಲ್ಕು ನಾಯಿಗಳು ಮೂತಿ ತಗುಲಿಸಿ ಒಂದೇ ಹಳ್ಳದಲ್ಲಿ ನೀರು ಕುಡಿಯುತ್ತಿದ್ದ ದೃಶ್ಯ. ನಾನು ಓದಿದ್ದು ಸಸ್ಯರೋಗಶಾಸ್ತ್ರ. ರೋಗಾಣು ಹೇಗೆ ಊರಿಂದೂರಿಗೆ ಪಯಣಿಸುತ್ತದೆಂದು ನೋಡುವುದೇ ನಮ್ಮ ಕಸುಬು. ಒಂದು ತೋಟದ ಮೆಣಸಿನ ಬಳ್ಳಿಯ ತುಂಡನ್ನು ಇನ್ನೊಂದು ತೋಟಕ್ಕೆ ಒಯ್ಯುವ ಮೊದಲು ಸೊರಗುರೋಗದ ಸುಳಿವಿದೆಯೇ ಎಂದು ನೂರು ಬಾರಿ ಕೇಳುತ್ತೇವೆ. ಬೆಳೆಗಾರರು ಬೆರ್ರಿ ಬೋರರ್ ಎಂದೇ ಕರೆಯುವ ಕಾಫಿಯ ಕಾಯಿಕೊರಕ ಈ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ಮುಂದೆ ಖಾಲಿ ಗೋಣಿಚೀಲವನ್ನೂ ಅನುಮಾನದಿಂದ ನೋಡುವುದನ್ನು ನಾವು ಬೆಳೆಗಾರರಿಗೆ ಕಲಿಸಿದೆವು. ಇಷ್ಟಾದರೂ ಹುಳ ಕೊಡಗಿಗೆ ಬಂದೇ ಬಂದಿತು. ಗೋಣಿಚೀಲಕ್ಕೆ ಇರುವ ಈ ತಪಾಸಣೆ ನಾಯಿಗೆ ಎಲ್ಲಿದೆ?

ನಾಯಿಗಳ ಡಿಸ್ಟೆಂಪರ್ ಎಂಬ ವೈರಸ್ ರೋಗ ನಾಯಿಗಳಲ್ಲಿಯೇ ನಿಲ್ಲುವುದಿಲ್ಲ. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಸಿಂಹಗಳನ್ನು ಅದು ಕೊಂದಿತು. 2018ರ ಸೆಪ್ಟೆಂಬರ್‌ನಲ್ಲಿ ನಮ್ಮ ಗೀರ್ ಅರಣ್ಯದಲ್ಲಿ ಒಂದರ ಹಿಂದೊಂದು ಸಿಂಹಗಳು ಸತ್ತಾಗಲೂ ಅದೇ ವೈರಸ್ಸು ಪತ್ತೆಯಾಯಿತು. ಇಥಿಯೋಪಿಯಾದ ಬಾಲೆ ಪರ್ವತಗಳ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿಯ ಎತ್ತರದ ಹುಲ್ಲುಗಾವಲಿನಲ್ಲಿ ಬದುಕುವ ತೋಳಗಳು ಇಡೀ ಜಗತ್ತಿನಲ್ಲಿ ಉಳಿದಿರುವುದೇ ಐನೂರರ ಆಸುಪಾಸು. ದನಗಾಹಿಗಳ ಜೊತೆ ಬೆಟ್ಟ ಹತ್ತಿದ ನಾಯಿಗಳಿಂದ ಅವುಗಳಿಗೆ ಹುಚ್ಚುನಾಯಿ ರೋಗ ತಗುಲಿ, 1991-92ರಲ್ಲಿ ಒಮ್ಮೆ, 2003ರಲ್ಲಿ ಮತ್ತೊಮ್ಮೆ ಗುಂಪುಗುಂಪಾಗಿ ಸತ್ತವು. ನಮ್ಮ ಘಟ್ಟದಲ್ಲಿ ಆ ತೋಳದ ಸ್ಥಾನದಲ್ಲಿರುವುದು ಕೆನ್ನಾಯಿ, ಮೈಸೂರಿನವರೇ ಆದ ಕೃಪಾಕರ-ಸೇನಾನಿ ವರ್ಷಗಟ್ಟಲೆ ಬೆನ್ನುಹತ್ತಿ ಚಿತ್ರೀಕರಿಸಿದ ಪ್ರಾಣಿ. ಪ್ರಾಯಕ್ಕೆ ಬಂದ ಕೆನ್ನಾಯಿಗಳು ಜಗತ್ತಿನಲ್ಲಿ ಎರಡೂವರೆ ಸಾವಿರವನ್ನು ಮೀರವೆಂದು 2015ರ ಅಂದಾಜು. ಗುಂಪಿನಲ್ಲಿ ಬಾಳುವ, ಒಂದರ ಮೂತಿಯನ್ನೊಂದು ನೆಕ್ಕುವ ಪ್ರಾಣಿಗೆ ಒಂದೇ ಒಂದು ಸೋಂಕು ಸಾಕು. ನಾಯಿಮಲದಲ್ಲಿರುವ ಪಾರ್ವೋ ವೈರಸ್ಸಂತೂ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು. ಮೂತ್ರದ ಮೂಲಕ ನೀರಿಗೆ ಸೇರುವ ಇಲಿಜ್ವರದ ರೋಗಾಣು ಅಬ್ಬಿಯ ನೀರನ್ನೇ ಕುಡಿಯುವ ಮನೆಗೆ ಇಳಿದುಬರಲು ದೂರವೇನೂ ಇಲ್ಲ. ಉಣುಗಿನ ವಿಷಯಕ್ಕೆ ಬಂದರೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಮಲೆನಾಡಿಗರಿಗೆ ನೆನಪಿಸಬೇಕೇ? ಈ ಗುಡ್ಡದಲ್ಲಿ ಆ ಕಾಯಿಲೆ ಇದೆಯೆಂದು ನಾನು ಹೇಳುತ್ತಿಲ್ಲ. ಆದರೆ ಉಣುಗಿನ ಮರಿಗಳು ಹೆಚ್ಚುವ ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳೂ ಪ್ರವಾಸಿಗರು ನಾಯಿಯೊಡನೆ ಬೆಟ್ಟ ಹತ್ತುವ ತಿಂಗಳುಗಳೂ ಬಹುಮಟ್ಟಿಗೆ ಒಂದೇ.

ಇಲ್ಲಿಯವರೆಗೆ ಓದಿದವರು ನಾನು ಹೆಬ್ಬಾಳದ ನಾಯಿಯ ಮೇಲೆ ತಪ್ಪು ಹೊರಿಸುತ್ತಿದ್ದೇನೆಂದು ತಿಳಿಯಬಹುದು. ಅದೇ ದಿನ ಮಧ್ಯಾಹ್ನ ನಾನೂ ಹಾಗೆಯೇ ಯೋಚಿಸುತ್ತಿದ್ದೆ. ಆಗ ತಂಗಿ ಚೀಲದಿಂದ ಬ್ರೂನೊವಿನ ಲಸಿಕೆ ಪುಸ್ತಕವನ್ನು ತೆಗೆದು ತೋರಿಸಿದಳು. ಡಿಸ್ಟೆಂಪರ್, ಪಾರ್ವೋ, ಇಲಿಜ್ವರ, ರೇಬಿಸ್ ಎಲ್ಲಕ್ಕೂ ವರ್ಷ ತಪ್ಪದೆ ಪಶುವೈದ್ಯರ ಸಹಿಯಿತ್ತು. ನಿಮ್ಮ ನಾಯಿಗಳಿಗೆ ಲಸಿಕೆ ಆಗಿದೆಯೇ ಎಂದು ಯಜಮಾನರನ್ನು ಕೇಳಿದೆ. ಅವರು ನಕ್ಕರು. "ಚಿರತೆ ಬಿಟ್ರೆ ತಾನೇ ಮೇಡಂ? ಏಳು ನಾಯಿ ಸಾಕಿದ್ದೆ, ನಾಲ್ಕು ಹೋದ್ವು. ಇವೂ ಎಷ್ಟು ದಿನವೋ. ಇವುಕ್ಕೆಲ್ಲ ಇಂಜೆಕ್ಷನ್ ಹಾಕ್ಸೋದುಂಟಾ?"

ರೋಗದ ಕೊಡ ಇರುವುದು ಹಾಗಾದರೆ ಎಲ್ಲಿ? ಅತಿಥಿಯಾಗಿ ಬಂದ ನಾಯಿಯಲ್ಲಿ ಅಲ್ಲ, ನಮ್ಮದೇ ಹಾಡಿಯ, ಲೈನ್‌ಮನೆಗಳ, ತೋಟದ ಮೂಲೆಯ ನಾಯಿಗಳಲ್ಲಿ. ಅವು ರಾತ್ರಿ ಕಾಡಿಗೂ ಹಗಲು ಅಂಗಳಕ್ಕೂ ಸೇರಿದವು. ಚಿರತೆಗೆ ಅವು ಆಹಾರವೂ ಹೌದು. ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿರತೆಯ ಆಹಾರದ ತೂಕದಲ್ಲಿ ಶೇಕಡಾ 39ರಷ್ಟು ನಾಯಿಯದೇ ಆಗಿತ್ತು. ರೋಗಿಷ್ಠ ನಾಯಿಯನ್ನು ತಿಂದ ಚಿರತೆಯ ಒಡಲಿಗೆ ರೋಗವೂ ಇಳಿಯುತ್ತದೆ. ಚಿರತೆಯೂ ಬೆಟ್ಟದಲ್ಲಿಯೇ ನಿಂತಿಲ್ಲ. 2024ರ ಡಿಸೆಂಬರ್ 31ರಂದು ಹೆಬ್ಬಾಳದ ಇನ್ಫೋಸಿಸ್ ಆವರಣದಲ್ಲಿ ಚಿರತೆ ಕಾಣಿಸಿಕೊಂಡು ನೌಕರರಿಗೆ ಮನೆಯಿಂದಲೇ ಕೆಲಸ ಮಾಡಲು ಹೇಳಿದ್ದನ್ನು ಎಲ್ಲರೂ ಓದಿದ್ದೇವೆ. ತಂಗಿಯ ಮನೆಯಲ್ಲಿ ಆ ವಾರವಿಡೀ ಬ್ರೂನೊವನ್ನು ತಾರಸಿಯ ಮೇಲೆಯೇ ಅಡ್ಡಾಡಿಸಿದರಂತೆ. ಚಿರತೆಯ ಭಯಕ್ಕೆ ಹೆಬ್ಬಾಳದಲ್ಲಿ ಬಾಗಿಲು ಹಾಕಿಕೊಂಡ ಮನೆಯವರೇ, ಚಿರತೆಯ ನೆಲದಲ್ಲಿ ಬಾಗಿಲು ತೆರೆದಿಟ್ಟರು. ಇದನ್ನು ಊಟದ ಹೊತ್ತಿನಲ್ಲಿ ಹೇಳಿ ತಂಗಿಯಿಂದ ಬೈಸಿಕೊಂಡೆ.

ಕಾನೂನಿನ ಮಾತನ್ನೂ ಆಡಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರ ತಿದ್ದುಪಡಿಯಲ್ಲಿ ಸೇರಿದ 33ಎ ಎಂಬ ಸೆಕ್ಷನ್ ಇದೆ. ವನ್ಯಧಾಮದ ಒಳಗೆ ಮತ್ತು ಅದರ ಸುತ್ತ ಐದು ಕಿಲೋಮೀಟರ್ ಫಾಸಲೆಯಲ್ಲಿರುವ ಜಾನುವಾರುಗಳಿಗೆ ಅಂಟುರೋಗಗಳ ವಿರುದ್ಧ ಲಸಿಕೆ ಹಾಕಿಸುವ ಹೊಣೆಯನ್ನು ಅದು ಮುಖ್ಯ ವನ್ಯಜೀವಿ ಪಾಲಕರಿಗೆ ವಹಿಸುತ್ತದೆ. ಜಾನುವಾರು ಎಂದರೇನೆಂದು ವಿವರಿಸುವಲ್ಲಿ ಹಸು, ಎಮ್ಮೆ, ಕುರಿ, ಆಡು, ಕತ್ತೆ, ಹಂದಿಗಳವರೆಗೆ ಹೆಸರುಗಳಿವೆ. ನಾಯಿಯ ಹೆಸರಿಲ್ಲ. ಕಾಡಿನಂಚಿನಲ್ಲಿ ಅತಿ ಹೆಚ್ಚು ಅಡ್ಡಾಡುವ ಸಾಕುಪ್ರಾಣಿಯೇ ಪಟ್ಟಿಯಿಂದ ತಪ್ಪಿಸಿಕೊಂಡಿದೆ!

ನಾಯಿಗೆ ಸ್ವಾಗತವೆಂಬ ಫಲಕವನ್ನು ಕಿತ್ತೊಗೆಯಿರಿ ಎಂದು ನಮ್ಮ ಬಳಗದ ಕೆಲವು ಗೆಳೆಯರು ವಾದಿಸುತ್ತಾರೆ. ವನ್ಯಧಾಮದ ಗಡಿಗೆ ಅಂಟಿಕೊಂಡೇ ಇರುವ ಮನೆಗಳ ವಿಷಯದಲ್ಲಿ ಅವರ ಮಾತಿಗೆ ನನ್ನ ಒಪ್ಪಿಗೆಯಿದೆ. ಉಳಿದೆಡೆ ನನ್ನ ಅಭಿಪ್ರಾಯ ಬೇರೆ. ಫಲಕ ಕಿತ್ತರೆ ಅತಿಥಿ ನಾಯಿ ಬರುವುದು ನಿಲ್ಲುತ್ತದೆ. ಹಾಡಿಯ ಇಪ್ಪತ್ತಾರು ನಾಯಿಗಳು ಅಲ್ಲಿಯೇ ಇರುತ್ತವೆ, ಲಸಿಕೆಯಿಲ್ಲದೆ, ಬೇಲಿಯಿಲ್ಲದೆ. ಆದ್ದರಿಂದ ಸ್ವಾಗತಿಸುವವರು ಮೊದಲು ತಮ್ಮ ನಾಯಿಗಳನ್ನೂ ನೆರೆಯ ನಾಯಿಗಳನ್ನೂ ಸಜ್ಜುಮಾಡಲಿ. ಬರುವ ನಾಯಿಗೆ ರಾತ್ರಿಗೆ ಇಂತಿಷ್ಟೆಂದು ಬಾಡಿಗೆ ಗೊತ್ತುಮಾಡಿ, ಆ ಹಣವನ್ನು ಊರಿನ ನಾಯಿಗಳ ಲಸಿಕೆಗೇ ಕಟ್ಟಿಡಲಿ. ಹತ್ತರಲ್ಲಿ ಏಳು ನಾಯಿಗಳಿಗೆ ಲಸಿಕೆಯಾದರೆ ರೇಬಿಸ್‌ನ ಸರಪಳಿ ತುಂಡಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಪ್ಪತ್ತಾರರಲ್ಲಿ ಹತ್ತೊಂಬತ್ತು ಅಸಾಧ್ಯವಾದ ಲೆಕ್ಕವೇನಲ್ಲ. ಬರುವವರು ಲಸಿಕೆ ಪುಸ್ತಕ ತೋರಿಸಲಿ, ಜಗಲಿಯಾಚೆ ಸರಪಳಿ ಬಿಚ್ಚದಿರಲಿ, ಮಲವನ್ನು ಹಳ್ಳದಿಂದ ದೂರದಲ್ಲಿ ಹೂಳಲಿ. ಓಡಾಡಲು ಜಾಗ ಬೇಕೆಂದರೆ ತಂತಿಬೇಲಿಯ ಒಂದು ಅಂಗಳ ಸಾಕು. ಡಿಸ್ಟೆಂಪರ್ ಇಷ್ಟರಿಂದಲೇ ಮಾಯವಾಗುತ್ತದೆಂಬ ಭ್ರಮೆ ನನಗಿಲ್ಲ. ಸೆರೆಂಗೆಟಿಯ ಸುತ್ತಲಿನ ನಾಯಿಗಳಿಗೆ ಲಸಿಕೆ ಹಾಕಿದ ಮೇಲೂ ಸಿಂಹಗಳಿಗೆ ಸೋಂಕು ತಗುಲುವುದು ನಿಂತಿಲ್ಲ. ಆ ವೈರಸ್ಸಿಗೆ ಬೇರೆ ಪ್ರಾಣಿಗಳೂ ಆಶ್ರಯ ಕೊಡುತ್ತವೆ.

ಇದನ್ನೆಲ್ಲ ಯಜಮಾನರ ಮುಂದಿಟ್ಟಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ನಾಯಿ ಬೇಡವೆಂದರೆ ಅರ್ಧಕ್ಕರ್ಧ ಜನ ಬರುವುದಿಲ್ಲ, ನಿಯಮ ಹೆಚ್ಚಾದರೂ ಬರುವುದಿಲ್ಲ ಎಂಬುದು ಅವರ ಅಳುಕು. ಕೊನೆಗೆ ನಾಯಿಗೆ ರಾತ್ರಿಗೆ ಇನ್ನೂರು ರೂಪಾಯಿ ಎಂದು ಗೊತ್ತುಮಾಡಿದರು. ಮೊದಲ ನಾನೂರನ್ನು ತಂಗಿಯೇ ಕೊಟ್ಟಳು. ಮಾರ್ಚ್ ಕೊನೆಯ ಭಾನುವಾರ ಪಶುವೈದ್ಯರೊಬ್ಬರು ಹಾಡಿಗೆ ಬಂದು ರೇಬಿಸ್ ಲಸಿಕೆ ಹಾಕಿದರು. ಇಪ್ಪತ್ತಾರರಲ್ಲಿ ಇಪ್ಪತ್ತೊಂದು ಕೈಗೆ ಸಿಕ್ಕವು. ಸಿಗದ ಐದರಲ್ಲಿ ಒಂದು ಯಜಮಾನರದೇ. ಡಿಸ್ಟೆಂಪರ್ ಲಸಿಕೆಗೆ ಹಣ ಸಾಲಲಿಲ್ಲ, ದೀಪಾವಳಿಯ ರಜೆಯಲ್ಲಿ ಜನ ಬಂದರೆ ನೋಡೋಣ ಎಂದಿದ್ದಾರೆ.